ಮುಷ್ಟಿಯೋ, ಅಂಗೈಯೋ? ಬರಿಗೈ ಹೊಡೆತದ ಲೆಕ್ಕಾಚಾರ

1986ರ ಮೇ ತಿಂಗಳಲ್ಲಿ ಅಮೆರಿಕದ ಬಾಕ್ಸರ್‌ಗಳಾದ ಮೈಕ್ ಟೈಸನ್ ಮತ್ತು ಮಿಚ್ ಗ್ರೀನ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪೂರ್ತಿ 10 ಸುತ್ತು ಹೊಡೆದಾಡಿದರು. ಗೆದ್ದ ಟೈಸನ್ ಮರುತಿಂಗಳೇ ಇನ್ನೊಂದು ಪಂದ್ಯಕ್ಕೆ ಇಳಿದರು. ಎರಡು ವರ್ಷದ ನಂತರ, 1988ರ ಆಗಸ್ಟ್‌ನಲ್ಲಿ, ಅದೇ ಇಬ್ಬರು ಹಾರ್ಲೆಮ್‌ನ ಒಂದು ಬಟ್ಟೆ ಅಂಗಡಿಯ ಬಳಿ ನಸುಕಿನಲ್ಲಿ ಎದುರಾದರು. ಮಾತಿಗೆ ಮಾತು ಬೆಳೆದು ಕೈಗೆ ಬಂತು. ಗ್ರೀನ್ ಅವರ ಕಣ್ಣು ಊದಿ ಮುಚ್ಚಿಹೋಯಿತು. ಜೊತೆಗೆ ಟೈಸನ್ ಅವರ ಬಲಗೈ ಮೂಳೆಯೂ ಬಿರುಕು ಬಿಟ್ಟಿತು. ಆಗ ಅವರಿಗೆ 22 ವರ್ಷ, ಜಗತ್ತಿನ ಹೆವಿವೇಟ್ ಚಾಂಪಿಯನ್. ಬ್ರಿಟನ್ನಿನ ಬಾಕ್ಸರ್ ಫ್ರಾಂಕ್ ಬ್ರೂನೊ ಜೊತೆಗಿನ ಪಂದ್ಯ 1989ರ ಫೆಬ್ರವರಿಗೆ ಮುಂದಕ್ಕೆ ಹೋಯಿತು.

ಎರಡೂ ಸಲ ಹೊಡೆದವರು ಟೈಸನ್, ತಿಂದವರು ಗ್ರೀನ್. ಮೊದಲ ಸಲ ಕೈಗೆ ಬ್ಯಾಂಡೇಜ್ ಸುತ್ತಿ, ಮೇಲೆ ಗ್ಲೌಸ್ ಹಾಕಿದ್ದರು. ಎರಡನೇ ಸಲ ಎರಡೂ ಇರಲಿಲ್ಲ. ಆತ್ಮರಕ್ಷಣೆಗೆ ಮುಷ್ಟಿ ಒಳ್ಳೆಯದೋ ಅಂಗೈ ಒಳ್ಳೆಯದೋ ಅಂತ ಕರಾಟೆ, ಬಾಕ್ಸಿಂಗ್ ಮಂದಿ ದಿನಗಟ್ಟಲೆ ವಾದ ಮಾಡುತ್ತಾರೆ. ಯಾವುದರಿಂದ ಏಟು ಜೋರಾಗಿ ಬೀಳುತ್ತದೆ ಅನ್ನುವುದರ ಸುತ್ತಲೇ ವಾದ ಗಿರಕಿ ಹೊಡೆಯುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ ಪ್ರಶ್ನೆ: ಹೊಡೆದ ಮೇಲೆ ಕೈ ಕೆಲಸಕ್ಕೆ ಬರುತ್ತದಾ?

ಕೈಯ ಒಳಗೆ ಏನಿದೆ

ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನ ಹತ್ತಿರ ಕಲ್ಲು ಜೋಡಿಸಿಟ್ಟಂತೆ 8 ಸಣ್ಣ ಮೂಳೆಗಳು, ಅಂಗೈ ಉದ್ದಕ್ಕೂ 5 ಕಡ್ಡಿಯಂಥ ಮೂಳೆಗಳು, ಬೆರಳುಗಳಲ್ಲಿ 14. ಮುಷ್ಟಿ ಕಟ್ಟಿದಾಗ ಮುಂದೆ ಎದ್ದು ಕಾಣುವ ಗೆಣ್ಣುಗಳು ಆ ಐದು ಅಂಗೈ ಮೂಳೆಗಳಲ್ಲಿ ನಾಲ್ಕರ ತುದಿಗಳು. ಗುದ್ದಿದ ಬಲವೆಲ್ಲ ಆ ತೆಳ್ಳಗಿನ ಕಡ್ಡಿಗಳ ಮೂಲಕವೇ ಹಾದುಹೋಗಬೇಕು.

ಆ ನಾಲ್ಕೂ ಒಂದೇ ಥರ ಗಟ್ಟಿ ಇಲ್ಲ. ತೋರುಬೆರಳು ಮತ್ತು ನಡುಬೆರಳಿನ ಅಂಗೈ ಮೂಳೆಗಳು ಮಣಿಕಟ್ಟಿಗೆ ಬಿಗಿಯಾಗಿ ಕೂತಿವೆ, ಅಲ್ಲಾಡುವುದೇ ಇಲ್ಲ ಅನ್ನಬಹುದು. ಉಂಗುರ ಬೆರಳು, ಕಿರುಬೆರಳಿನವು ಹಾಗಲ್ಲ. ನಿಮ್ಮ ಕೈಯಲ್ಲೇ ನೋಡಿ. ಸಡಿಲವಾಗಿ ಮುಷ್ಟಿ ಕಟ್ಟಿ, ಕಿರುಬೆರಳಿನ ಗೆಣ್ಣನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದೆ ಮುಂದೆ ಆಡಿಸಿ. ಸುಲಭವಾಗಿ ಆಡುತ್ತದೆ. ತೋರುಬೆರಳಿನ ಗೆಣ್ಣು ಆಡುವುದಿಲ್ಲ. ಅದಕ್ಕೇ ಕರಾಟೆ ಗುರುಗಳು ಮೊದಲೆರಡು ಗೆಣ್ಣುಗಳಿಂದಲೇ ಹೊಡಿ ಅಂತ ಬಾಯಿ ನೋಯುವಷ್ಟು ಹೇಳುವುದು.

ಆದರೆ ಕೋಪದಲ್ಲೋ ಭಯದಲ್ಲೋ ಇರುವ ಮನುಷ್ಯ ನೇರವಾಗಿ ಗುದ್ದುವುದಿಲ್ಲ. ತೋಳು ಬೀಸಿ, ಅರ್ಧ ಚಂದ್ರಾಕಾರದಲ್ಲಿ ಹೊಡೆಯುತ್ತಾನೆ. ಹಾಗೆ ಬೀಸಿದ ಕೈಯಲ್ಲಿ ಮೊದಲು ತಾಗುವುದು ಬಹುಪಾಲು ಕಿರುಬೆರಳಿನ ಕಡೆಯ ಗೆಣ್ಣು. ಅಲ್ಲಾಡುವ, ತೆಳ್ಳಗಿನ ಮೂಳೆ ಪಟ್ ಅಂತ ಗೆಣ್ಣಿಗೆ ಸ್ವಲ್ಪ ಕೆಳಗೆ ಮುರಿಯುತ್ತದೆ. ಡಾಕ್ಟರುಗಳು ಇದನ್ನು ಬಾಕ್ಸರ್ಸ್ ಫ್ರಾಕ್ಚರ್ ಅನ್ನುತ್ತಾರೆ. ಆದರೆ ಪಳಗಿದ ಬಾಕ್ಸರ್‌ಗಳಲ್ಲಿ ಇದು ಅಪರೂಪ. ಗೋಡೆಗೆ, ಬಾಗಿಲಿಗೆ, ಇನ್ನೊಬ್ಬರ ತಲೆಗೆ ಗುದ್ದಿಕೊಂಡು ಆಸ್ಪತ್ರೆಗೆ ಬರುವ ಹುಡುಗರಲ್ಲೇ ಜಾಸ್ತಿ. ಟೈಸನ್ ಅವರದ್ದು ನಡುಬೆರಳಿನ ಅಂಗೈ ಮೂಳೆ. ಅಂದರೆ ಅವರು ಸರಿಯಾದ ಗೆಣ್ಣಿನಿಂದಲೇ ಹೊಡೆದಿದ್ದರು. ಆದರೂ ಮೂಳೆ ತಡೆಯಲಿಲ್ಲ.

ಎದುರಿಗಿರುವುದು ತಲೆಬುರುಡೆ ಅನ್ನುವುದನ್ನೂ ಮರೆಯಬಾರದು. ಹಣೆ ಮೂಳೆ ದಪ್ಪ, ಗುಂಡಗೆ, ಮೆದುಳು ಕಾಯಲೆಂದೇ ಇರುವಂಥದ್ದು. ಮುಖಕ್ಕೆ ಏಟು ಬರುತ್ತಿದೆ ಅಂದಾಗ ಯಾರೇ ಆಗಲಿ ಗದ್ದ ಒಳಗೆ ಎಳೆದುಕೊಂಡು ತಲೆ ತಗ್ಗಿಸುತ್ತಾರೆ. ಅದನ್ನು ಯಾರೂ ಕಲಿಸಬೇಕಿಲ್ಲ. ಮೂಗಿಗೆ ಗುರಿಯಿಟ್ಟ ಗುದ್ದು ಹೋಗಿ ಹಣೆಗೆ ಬೀಳುವುದು ಹೀಗೆ.

ಗ್ಲೌಸ್ ಯಾರನ್ನು ಕಾಪಾಡುತ್ತದೆ?

ಬಾಕ್ಸಿಂಗ್ ಗ್ಲೌಸ್ ಇರುವುದು ಏಟು ತಿನ್ನುವವನ ಮುಖ ಉಳಿಸಲು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಚರ್ಮ ಸೀಳುವುದು ಕಡಿಮೆಯಾಗುತ್ತದೆ, ನಿಜ. ಆದರೆ ಅದರ ದೊಡ್ಡ ಉಪಕಾರ ಹೊಡೆಯುವವನ ಕೈಗೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬಾಕ್ಸಿಂಗ್ ಬರಿಗೈ ಆಟವಾಗಿತ್ತು. 1743ರಲ್ಲಿ ಮೊದಲ ನಿಯಮ ಬರೆದ ಜ್ಯಾಕ್ ಬ್ರಾಟನ್, ಅಭ್ಯಾಸಕ್ಕೆ ಮೆತ್ತನೆಯ ಕೈಚೀಲಗಳನ್ನು ತಂದರು. ಪಂದ್ಯಕ್ಕೂ ಗ್ಲೌಸ್ ಬೇಕು ಅನ್ನುವ ಕ್ವೀನ್ಸ್‌ಬರಿ ನಿಯಮಗಳು ಬಂದದ್ದು 1867ರಲ್ಲಿ. ಹಳೆ ಚಾಳಿ ಅಷ್ಟು ಬೇಗ ಹೋಗಲಿಲ್ಲ. 1889ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ಬರಿಗೈಯಲ್ಲಿ 75 ಸುತ್ತು ಹೊಡೆದಾಡಿದರು. ಬರಿಗೈ ಹೆವಿವೇಟ್ ಪಟ್ಟದ ಕೊನೆಯ ದೊಡ್ಡ ಪಂದ್ಯ ಅದೇ.

75 ಸುತ್ತು ಹೇಗೆ ಸಾಧ್ಯ ಅನಿಸುತ್ತದೆ ಅಲ್ವಾ? ಆಗ ಒಬ್ಬ ನೆಲಕ್ಕೆ ಬಿದ್ದರೆ ಆ ಸುತ್ತು ಮುಗಿದ ಹಾಗೆ, ಆದ್ದರಿಂದ ಸುತ್ತುಗಳು ಚಿಕ್ಕವು. ಹಿಡಿದು ಕೆಡವುವುದಕ್ಕೂ ಅವಕಾಶವಿತ್ತು. ಬರಿಗೈ ಬಾಕ್ಸರ್ ತನ್ನ ಕೈಯನ್ನು ಜೋಪಾನವಾಗಿ ಖರ್ಚು ಮಾಡಬೇಕಿತ್ತು. ಗ್ಲೌಸ್ ಬಂದ ಮೇಲೆ ತಲೆಗೆ ಎಡೆಬಿಡದೆ ಗುದ್ದುವ ಆಟ ಸುಲಭವಾಯಿತು. ನಾವು ಟಿವಿಯಲ್ಲಿ ನೋಡುವ ಗುದ್ದಾಟವೆಲ್ಲ ಈ ಗ್ಲೌಸ್ ಕಾಲದ್ದು. ಅದನ್ನು ನೋಡಿ ಬರಿಗೈಯ ಬಗ್ಗೆ ತೀರ್ಮಾನಕ್ಕೆ ಬಂದರೆ ಕೈ ಮುರಿಯುತ್ತದೆ. ಸಿನಿಮಾ ಹೀರೋಗಳ ವಿಷಯ ಬಿಡಿ, ಅವರ ಕೈ ಯಾವತ್ತೂ ಊದಿದ್ದೇ ಇಲ್ಲ.

ನಮ್ಮ ಮೈಸೂರಿನದ್ದೇ ಉದಾಹರಣೆ ಇದೆ. ವಿಜಯದಶಮಿಯ ದಿನ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಇಬ್ಬರು ಜೆಟ್ಟಿಗಳು ಎದುರುಬದುರು ನಿಲ್ಲುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಅವರು ತಲೆಗೆ ಹೊಡೆಯುವುದು ಬರಿ ಮುಷ್ಟಿಯಿಂದಲ್ಲ. ಬೆರಳಿಗೆ ತೊಡಿಸಿಕೊಂಡ, ಗೆಣ್ಣುಗಳ ಮೇಲೆ ಕೂರುವ ಮೊನಚಾದ ಆಯುಧದಿಂದ. ಇಂಗ್ಲೆಂಡಿನವರು ಗೆಣ್ಣಿನ ಮೇಲೆ ಮೆತ್ತೆ ಹಾಕಿದರು, ನಮ್ಮವರು ಮೊನೆ ಇಟ್ಟರು. ತಲೆಬುರುಡೆಯ ಎದುರಿಗೆ ಬರಿ ಗೆಣ್ಣನ್ನು ಮಾತ್ರ ಇಬ್ಬರೂ ಕಳಿಸಲಿಲ್ಲ.

ಬಲ ಎರಡರಲ್ಲೂ ಒಂದೇ

ಮುಷ್ಟಿಯಲ್ಲಿ ಬಲ ಜಾಸ್ತಿ ಅನ್ನುವ ನಂಬಿಕೆಯನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮೈಕೆಲ್ ಮಾರ್ಗನ್ ಮತ್ತು ಡೇವಿಡ್ ಕ್ಯಾರಿಯರ್ ಅಳೆದು ನೋಡಿದರು. ಪಳಗಿದ ಹೊಡೆದಾಟಗಾರರಿಂದ ಚೀಲಕ್ಕೆ ಮುಷ್ಟಿಯಲ್ಲೂ ಅಂಗೈಯಲ್ಲೂ ಹೊಡೆಸಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಗರಿಷ್ಠ ಬಲದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಯೋಚಿಸಿದರೆ ಇದು ಸರಿಯೇ. ಏಟಿನ ಬಲ ಬರುವುದು ಕಾಲಿನಿಂದ, ಸೊಂಟ ತಿರುಗುವುದರಿಂದ, ಭುಜದಿಂದ. ಕೈ ಅದನ್ನು ತಲುಪಿಸುವ ಕೆಲಸ ಮಾಡುತ್ತದೆ ಅಷ್ಟೇ.

ವ್ಯತ್ಯಾಸ ಇರುವುದು ಆ ಬಲ ಎಷ್ಟು ಜಾಗದ ಮೇಲೆ ಬೀಳುತ್ತದೆ ಅನ್ನುವುದರಲ್ಲಿ. ಮುಷ್ಟಿ ತಾಗುವ ಜಾಗ ಚಿಕ್ಕದು, ಹಾಗಾಗಿ ಒತ್ತಡ ಜಾಸ್ತಿ. ರಶ್ಶಾದ ಬಸ್ಸಿನಲ್ಲಿ ಹವಾಯಿ ಚಪ್ಪಲಿ ಹಾಕಿದವರು ಕಾಲು ತುಳಿದರೆ ಸುಮ್ಮನಿರುತ್ತೇವೆ, ಹೀಲ್ಸ್ ಹಾಕಿದವರು ತುಳಿದರೆ ಕೂಗುತ್ತೇವೆ. ಒಂದೇ ತೂಕ, ಜಾಗ ಬೇರೆ. ಒತ್ತಡ ಜಾಸ್ತಿಯಾದರೆ ಚರ್ಮ ಸೀಳುತ್ತದೆ, ಮೂಗು ಮುರಿಯುತ್ತದೆ. ಆದರೆ ಆ ಒತ್ತಡ ಎರಡೂ ಕಡೆಗೆ. ಅವನ ಹಣೆ ಎಷ್ಟು ತಿನ್ನುತ್ತದೋ ನಿಮ್ಮ ಗೆಣ್ಣೂ ಅಷ್ಟೇ ತಿನ್ನುತ್ತದೆ.

ಇದೇ ಸಂಶೋಧಕರು ಇನ್ನೊಂದು ಮಾತನ್ನೂ ಹೇಳಿದರು. ಬೆರಳು ಮಡಿಸಿ ಹೆಬ್ಬೆರಳನ್ನು ಮೇಲೆ ಬಿಗಿದಾಗ ಬೆರಳುಗಳು ಒಂದಕ್ಕೊಂದು ಆಸರೆಯಾಗಿ ಕೈ ಗಟ್ಟಿಯಾಗುತ್ತದೆ. ಮನುಷ್ಯನ ಕೈ ಈ ಆಕಾರಕ್ಕೆ ಬಂದದ್ದರಲ್ಲಿ ಹೊಡೆದಾಟದ ಪಾಲೂ ಇರಬಹುದು ಅನ್ನುವುದು ಅವರ ಊಹೆ. ಇದನ್ನು ಒಪ್ಪದ ವಿಜ್ಞಾನಿಗಳು ಬಹಳ ಜನ ಇದ್ದಾರೆ. ಅದು ಏನೇ ಇರಲಿ, ಸರಿಯಾಗಿ ಕಟ್ಟಿದ ಮುಷ್ಟಿಗೂ ಹೆಬ್ಬೆರಳನ್ನು ಒಳಗೆ ಸೇರಿಸಿ ಕಟ್ಟಿದ ಮುಷ್ಟಿಗೂ ಭೂಮಿ ಆಕಾಶದ ಅಂತರ ಇದೆ. ಹೆಬ್ಬೆರಳು ಒಳಗಿದ್ದರೆ ಮೊದಲ ಏಟಿಗೇ ಅದರ ಕತೆ ಮುಗಿಯಬಹುದು.

ಅಂಗೈ ಹೊಡೆತ ಅಂದರೆ ಕಪಾಳಕ್ಕೆ ಬಾರಿಸುವುದಲ್ಲ

ತೆರೆದ ಕೈ ಅಂದ ಕೂಡಲೇ ಕೆನ್ನೆಗೆ ಹೊಡೆಯುವುದು ನೆನಪಾಗುತ್ತದೆ. ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಅಂಗೈ ಬುಡದ ಹೊಡೆತ. ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿ, ಬೆರಳುಗಳನ್ನು ಸ್ವಲ್ಪ ಮಡಿಸಿ, ಅಂಗೈ ಕೊನೆಯಾಗುವ ದಪ್ಪ ಮಾಂಸದ ಜಾಗದಿಂದ ಹೊಡೆಯುವುದು. ಅಲ್ಲಿ ಆ ಐದು ತೆಳ್ಳಗಿನ ಕಡ್ಡಿಗಳ ಗೊಡವೆಯೇ ಇಲ್ಲ. ಬಲ ಮಣಿಕಟ್ಟಿನಿಂದ ನೇರವಾಗಿ ಮುಂಗೈಯ ದಪ್ಪ ಮೂಳೆಗೆ ಹೋಗುತ್ತದೆ. ಮುಷ್ಟಿಯಲ್ಲಿ ಮಣಿಕಟ್ಟು ಸ್ವಲ್ಪ ಓರೆಯಾದರೂ ಉಳುಕುತ್ತದೆ. ಅಂಗೈಯಲ್ಲಿ ಮಣಿಕಟ್ಟು ಆಗಲೇ ಬಾಗಿರುವುದರಿಂದ ಆ ಭಯ ಕಡಿಮೆ.

ಇದರ ಪ್ರಸಿದ್ಧ ಗುರಿ ಗದ್ದ. ಮೆದುಳಿಗೆ ಏಟಾಗುವುದು ತಲೆ ಥಟ್ಟನೆ ತಿರುಗಿದಾಗ ಅಥವಾ ಹಿಂದಕ್ಕೆ ಎಗರಿದಾಗ. ಅದಕ್ಕೆ ಚರ್ಮ ಸೀಳಬೇಕಿಲ್ಲ, ತಳ್ಳಬೇಕು. ಶಾಂಘೈ ನಗರದ ಪೊಲೀಸ್ ಪಡೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಫೇರ್‌ಬೇರ್ನ್ ಎರಡನೇ ಮಹಾಯುದ್ಧದಲ್ಲಿ ಕಮಾಂಡೋಗಳಿಗೆ ಬರಿಗೈ ಕಾಳಗ ಕಲಿಸಿದರು. ಅವರ ಪಾಠದಲ್ಲಿ ಗದ್ದಕ್ಕೆ ಕೆಳಗಿನಿಂದ ಅಂಗೈ ಬುಡದ ಏಟು, ಅಂಗೈ ಅಂಚಿನ ಏಟು, ಇವೆರಡಕ್ಕೇ ದೊಡ್ಡ ಜಾಗ. ಕೆಲವೇ ವಾರದ ತರಬೇತಿ ಪಡೆದು ಹೋಗುವ ಸೈನಿಕ ಮರುಕ್ಷಣ ಬಂದೂಕು ಹಿಡಿಯಬೇಕು. ಅವನಿಗೆ ಮುರಿದ ಕೈ ಬೇಡವೇ ಬೇಡ.

ಅಂಗೈಯಲ್ಲಿ ದಮ್ಮಿಲ್ಲ ಅನ್ನುವವರಿಗೆ ಜಪಾನಿನ ಪ್ಯಾಂಕ್ರೇಸ್ ತೋರಿಸಬೇಕು. 1993ರಲ್ಲಿ ಶುರುವಾದ ಈ ಹೊಡೆದಾಟದ ಪಂದ್ಯಗಳಲ್ಲಿ ಆಗ ಮುಖಕ್ಕೆ ಮುಷ್ಟಿ ನಿಷಿದ್ಧವಾಗಿತ್ತು, ಅಂಗೈಗೆ ಅನುಮತಿಯಿತ್ತು. ನೆದರ್ಲೆಂಡ್ಸ್‌ನ ಬಾಸ್ ರುಟನ್ ತಮ್ಮ ಮೊದಲ ಪಂದ್ಯದಲ್ಲಿ ಎದುರಾಳಿಯನ್ನು ಅಂಗೈಯಿಂದಲೇ 43 ಸೆಕೆಂಡಿನಲ್ಲಿ ನಾಕೌಟ್ ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟದ ಪಂದ್ಯಾವಳಿ) ನಡೆಯಿತು. ಅಲ್ಲಿ ಬರಿ ಮುಷ್ಟಿಗೆ ಅನುಮತಿಯಿತ್ತು. ಫೈನಲ್ ತಲುಪಿದ ಜೆರಾರ್ಡ್ ಗೋರ್ಡೊ ಮೊದಲ ಪಂದ್ಯದಲ್ಲೇ ಕೈ ಮುರಿದುಕೊಂಡಿದ್ದರು. 1997ರಲ್ಲಿ ಯುಎಫ್‌ಸಿಯಲ್ಲೂ ಗ್ಲೌಸ್ ಕಡ್ಡಾಯವಾಯಿತು. ಸುಮೋದಲ್ಲಂತೂ ಮುಷ್ಟಿಯಿಂದ ಹೊಡೆದರೆ ಸೋಲು, ತೆರೆದ ಕೈಯಿಂದ ಮುಖಕ್ಕೆ ಹೊಡೆಯಬಹುದು. ಆ ದಢೂತಿ ಪೈಲ್ವಾನರು ಅಂಗೈ ಏಟಿಗೆ ತತ್ತರಿಸುವುದನ್ನು ನೋಡಿದವರು ಇದನ್ನು ಹಗುರವಾಗಿ ತಗೊಳ್ಳುವುದಿಲ್ಲ.

ಅಂಗೈಗೂ ತೊಂದರೆಗಳಿವೆ. ಬೆರಳು ಅಗಲಿಸಿ ಹೊಡೆದರೆ ಬೆರಳು ಯಾವುದಕ್ಕೋ ಸಿಕ್ಕಿ ಹಿಂದಕ್ಕೆ ತಿರುಚುತ್ತದೆ. ಕೈ ಚಾಚಿ ಬಿದ್ದವರ ಮಣಿಕಟ್ಟು ಮುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಮೊಣಕೈ ನೇರ ಬೀಗ ಹಾಕಿಕೊಂಡು ಹೊಡೆದರೆ ಇಲ್ಲೂ ಅಂಥದ್ದೇ ಆಗಬಹುದು. ಮುಷ್ಟಿಗಿಂತ ನಾಲ್ಕಾರು ಬೆರಳಿನಷ್ಟು ದೂರ ಕಡಿಮೆ ಸಿಗುತ್ತದೆ. ಹೊಟ್ಟೆ, ಪಕ್ಕೆಗಳಂಥ ಮೆತ್ತನೆ ಜಾಗಕ್ಕೆ ಅಂಗೈ ಅಷ್ಟಾಗಿ ಇಳಿಯುವುದಿಲ್ಲ. ಅಲ್ಲಿ ಮುಷ್ಟಿಯೇ ಸರಿ. ಬಲಗಡೆಯ ಪಕ್ಕೆಯ ಕೆಳಗೆ ಪಿತ್ತಜನಕಾಂಗಕ್ಕೆ ಬಿದ್ದ ಒಂದು ಗುದ್ದು ದೊಡ್ಡ ದೊಡ್ಡ ಬಾಕ್ಸರ್‌ಗಳನ್ನೇ ಮಂಡಿಯೂರಿಸಿದೆ. ಅನುಭವಸ್ಥರ ಲೆಕ್ಕ ಸರಳ: ಗಟ್ಟಿ ಜಾಗಕ್ಕೆ ಮೆತ್ತನೆ ಕೈ, ಮೆತ್ತನೆ ಜಾಗಕ್ಕೆ ಗಟ್ಟಿ ಕೈ.

ಹಾಗಾದರೆ ಓಕಿನಾವಾದ ಹಳೆ ಕರಾಟೆ ಗುರುಗಳು ಬರಿ ಮುಷ್ಟಿ ಬಳಸುತ್ತಿರಲಿಲ್ಲವೇ? ಬಳಸುತ್ತಿದ್ದರು. ಆದರೆ ಅವರು ಹುಲ್ಲಿನ ಹಗ್ಗ ಸುತ್ತಿದ ಮರದ ಹಲಗೆಗೆ ವರ್ಷಗಟ್ಟಲೆ ದಿನವೂ ಗುದ್ದಿ ಕೈ ಹದ ಮಾಡಿಕೊಂಡಿದ್ದವರು. ನಮ್ಮ ಊರುಗಳಲ್ಲಿ ಸಂಜೆ ಕ್ಲಾಸಿಗೆ ಹೋಗಿ ಗಾಳಿಗೆ ನೂರು ಪಂಚ್ ಹೊಡೆದು ಬರುವ ಮಕ್ಕಳಿಗೂ ಅವರಿಗೂ ಹೋಲಿಕೆ ಇಲ್ಲ. ಗಾಳಿ ಯಾರ ಕೈಯನ್ನೂ ಮುರಿಯುವುದಿಲ್ಲ, ಯಾರ ತಪ್ಪನ್ನೂ ತೋರಿಸುವುದಿಲ್ಲ. ಹೆಣ್ಣುಮಕ್ಕಳಿಗೆ ನಾಲ್ಕು ದಿನದ ಆತ್ಮರಕ್ಷಣಾ ಶಿಬಿರ ಮಾಡಿ ಅದರಲ್ಲೂ ಮುಷ್ಟಿ ಕಲಿಸುವುದು ಸಮಯ ಹಾಳು ಅಂತಲೇ ನನ್ನ ಅಭಿಪ್ರಾಯ. ಅಂಗೈ, ಮೊಣಕೈ, ಹಿಡಿತ ಬಿಡಿಸಿಕೊಳ್ಳುವುದು, ಜೋರಾಗಿ ಕೂಗುವುದು, ಓಡುವುದು. ನಾಲ್ಕು ದಿನಕ್ಕೆ ಇಷ್ಟೇ ಬೇಕಾದಷ್ಟಾಯಿತು.

ಇನ್ನು ಕಪಾಳದ ಏಟು. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಬಟ್ಟಲಿನಂತೆ ಬಗ್ಗಿಸಿದ ಅಂಗೈ ಕಿವಿಯ ಮೇಲೆ ಬಿದ್ದರೆ ಒಳಗಿನ ಗಾಳಿ ಒತ್ತಿ ಕಿವಿತಮಟೆ ಹರಿಯುತ್ತದೆ. ಇಎನ್‌ಟಿ ಡಾಕ್ಟರುಗಳು ಇಂಥ ಕೇಸು ನೋಡುತ್ತಲೇ ಇರುತ್ತಾರೆ. ಕೆಲವು ಜಗಳಗಳಿಂದ ಬಂದವು, ಕೆಲವು ಮನೆಯೊಳಗಿನಿಂದಲೇ ಬಂದವು. ಕಣ್ಣು, ಗಂಟಲಿಗೆ ಬೆರಳಿನ ಅಥವಾ ಕೈ ಅಂಚಿನ ಏಟು ಇದಕ್ಕಿಂತ ಅಪಾಯ. ಗಂಟಲಿನ ಏಟಿನಿಂದ ಉಸಿರೇ ನಿಲ್ಲಬಹುದು. ಪ್ರಾಣಕ್ಕೆ ಬಂದಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಅದರ ಯೋಚನೆಯೂ ಬೇಡ.

ಹೊಡೆಯುವ ಮುಂಚಿನ ಕೈ

ಅಂಗೈಯ ದೊಡ್ಡ ಲಾಭ ಏಟಿಗಿಂತ ಮುಂಚೆಯೇ ಸಿಗುತ್ತದೆ. ಯಾರೋ ಕುಡಿದು ಮೈಮೇಲೆ ಬರುತ್ತಿದ್ದಾನೆ ಅನ್ನಿ. ನೀವು ಮುಷ್ಟಿ ಬಿಗಿದು ನಿಂತರೆ ಅವನಿಗೆ ಅದು ಸವಾಲು. ಎರಡೂ ಅಂಗೈ ಎದೆಯ ಎತ್ತರಕ್ಕೆ ತಂದು, "ಬೇಡ ಗುರು, ಬಿಟ್ಬಿಡು, ನನ್ನದೇ ತಪ್ಪು" ಅಂದರೆ ನೋಡುವವರಿಗೆ ಅದು ಸಮಾಧಾನ ಮಾಡುವ ಕೈ. ನಿಮಗೆ ಮಾತ್ರ ಗೊತ್ತು, ಅದೇ ಕೈ ತಡೆಯುವುದಕ್ಕೂ ಸರಿ, ತಳ್ಳುವುದಕ್ಕೂ ಸರಿ, ಹೊಡೆಯುವುದಕ್ಕೂ ಸರಿ. ಇಬ್ಬರ ಮಧ್ಯೆ ಅಂತರವೂ ಉಳಿಯುತ್ತದೆ. ಮುಚ್ಚಿದ ಮುಷ್ಟಿಯಿಂದ ಅಂಗಿ ಹಿಡಿಯಲಾಗದು, ಬಂದ ಕೈ ಬದಿಗೆ ಸರಿಸುವುದೂ ಕಷ್ಟ.

ಎದುರಿನ ಅಂಗಡಿಯ ಸಿಸಿಟಿವಿಗೂ ಕಾಣುವುದು ಇದೇ. ಯಾರು ಮುಂದೆ ನುಗ್ಗಿದರು, ಯಾರು ಅಂಗೈ ತೋರಿಸಿ ಹಿಂದೆ ಸರಿದರು ಅನ್ನುವುದು ಠಾಣೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಕಾನೂನಿನ ಕಡೆಯಿಂದ ನೋಡಿದರೂ ಇದಕ್ಕೆ ಬೆಲೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇವೆ. ಹಕ್ಕು ಗಟ್ಟಿಯಾಗಿಯೇ ಇದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಜಾಸ್ತಿ ಪೆಟ್ಟು ಮಾಡುವಂತಿಲ್ಲ. ಪೊಲೀಸರ ಸಹಾಯ ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ಅವನು ಬಿದ್ದ ಮೇಲೂ ಹೊಡೆಯುತ್ತಾ ಹೋದರೆ ಅದನ್ನು ಆತ್ಮರಕ್ಷಣೆ ಅಂತ ಒಪ್ಪಿಸುವುದು ಕಷ್ಟ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಮೂಳೆ ಅಥವಾ ಹಲ್ಲು ಮುರಿದರೆ, ಜಾಗ ತಪ್ಪಿದರೆ ಕಾನೂನಿನ ಕಣ್ಣಿಗೆ ಅದು ಸಾಮಾನ್ಯ ಗಾಯವಲ್ಲ, ಗ್ರೀವಿಯಸ್, ಅಂದರೆ ತೀವ್ರ ಗಾಯ. ಒಂದೇ ಒಂದು ಹಲ್ಲು ಸಾಕು. ಒಂದು ಕಿವಿ ಶಾಶ್ವತವಾಗಿ ಕೇಳದೆ ಹೋದರೂ ಅಷ್ಟೇ. ಬೇಕೆಂದೇ ಸಾಮಾನ್ಯ ಗಾಯ ಮಾಡಿದರೆ ಗರಿಷ್ಠ 1 ವರ್ಷ ಶಿಕ್ಷೆ, ಗ್ರೀವಿಯಸ್ ಆದರೆ 7 ವರ್ಷದವರೆಗೆ. ನಿಮ್ಮದು ಆತ್ಮರಕ್ಷಣೆ ಅಂತ ಸಾಬೀತಾದರೆ ಇದ್ಯಾವುದೂ ಇಲ್ಲ. ಆದರೆ ಅಲ್ಲಿಯವರೆಗಿನ ಓಡಾಟ ಇದೆಯಲ್ಲ, ಅದು ಒಂದು ಗುದ್ದಿಗೆ ತೆರುವ ಬೆಲೆ. ಅಂಗೈಯಿಂದ ತಳ್ಳಿ ಓಡಿಹೋದವರಿಗೆ ಈ ಗೋಳು ಬರುವ ಸಾಧ್ಯತೆ ಕಡಿಮೆ. ಇಲ್ಲವೇ ಇಲ್ಲ ಅನ್ನಲಾಗದು. ತಳ್ಳಿಸಿಕೊಂಡವನು ಹಿಂದಕ್ಕೆ ಬಿದ್ದು ಕಾಂಕ್ರೀಟಿಗೆ ತಲೆ ಬಡಿದುಕೊಂಡರೆ ಏಟು ಅಂಗೈಯದ್ದೋ ಮುಷ್ಟಿಯದ್ದೋ ಅನ್ನುವುದಕ್ಕೆ ಅರ್ಥ ಉಳಿಯುವುದಿಲ್ಲ.

ಕಲಿಯುವವರಿಗೆ, ಗುದ್ದಿ ಬಂದವರಿಗೆ

ಕ್ಲಾಸಿಗೆ ಹೋಗುತ್ತಿದ್ದರೆ ವಾರಕ್ಕೊಮ್ಮೆಯಾದರೂ ಗ್ಲೌಸ್ ಇಲ್ಲದೆ ಚೀಲಕ್ಕೆ ಹೊಡೆಯಲು ಕೇಳಿ. ಮೊದಲು ಅಂಗೈಯಿಂದ, ಮೆಲ್ಲಗೆ. ಆಮೇಲೆ ಮುಷ್ಟಿಯಿಂದ, ಇನ್ನೂ ಮೆಲ್ಲಗೆ. ಎಷ್ಟು ಬಲಕ್ಕೆ ಮಣಿಕಟ್ಟು ಬಾಗುತ್ತದೆ, ಯಾವ ಗೆಣ್ಣು ಮೊದಲು ಕೆಂಪಾಗುತ್ತದೆ ಅನ್ನುವುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಾಕ್ಸಿಂಗ್ ಕಲಿತವರು ಅದನ್ನು ಬಿಡಬೇಕಿಲ್ಲ. ಕಾಲಿನ ಚಲನೆ, ಅಂತರದ ಅಂದಾಜು, ಏಟು ತಪ್ಪಿಸಿಕೊಳ್ಳುವುದು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಅದೇ ನೇರ ಪಂಚ್, ಕೊನೆಯಲ್ಲಿ ಮುಷ್ಟಿಯ ಬದಲು ಅಂಗೈ. ಹುಕ್ (ಮೊಣಕೈ ಬಗ್ಗಿಸಿ ಬದಿಯಿಂದ ಬೀಸುವ ಪಂಚ್) ಹೊಡೆಯುವಾಗ ಮಾತ್ರ ಅಂಗೈ ಕೂರುವ ಕೋನ ಬೇರೆ, ಅದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು.

ಯಾರಾದರೂ ಆಗಲೇ ಮುಷ್ಟಿಯಿಂದ ಬಾಯಿಗೆ ಗುದ್ದಿ ಬಂದಿದ್ದರೆ ಗೆಣ್ಣಿನ ಮೇಲೆ ಸಣ್ಣ ಗಾಯ ಇದೆಯಾ ನೋಡಿ. ಎದುರಾಳಿಯ ಹಲ್ಲು ಚರ್ಮ ತೂರಿ ಕೀಲಿನವರೆಗೆ ಹೋಗಿರಬಹುದು. ಮುಷ್ಟಿ ಬಿಚ್ಚಿದಾಗ ಒಳಗಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಹಿಂದಕ್ಕೆ ಸರಿದು ಬಾಯಿಯ ರೋಗಾಣುಗಳನ್ನು ಒಳಗೇ ಮುಚ್ಚಿಬಿಡುತ್ತದೆ. ಮೇಲೆ ನೋಡಲು ಬರೀ ಗೀರು. ಒಂದೆರಡು ದಿನದಲ್ಲಿ ಕೈ ಊದಿ, ಕೀವು ತುಂಬಿ, ಬೆರಳು ಮಡಿಸಲಾಗದೆ ಹೋಗುತ್ತದೆ. ಅರಿಶಿನ ಹಚ್ಚಿ ಸುಮ್ಮನೆ ಕೂರುವ ಗಾಯ ಇದಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ, ಹೇಗಾಯಿತು ಅಂತ ನಿಜ ಹೇಳಿ. ಬಾಗಿಲಿಗೆ ಸಿಕ್ಕಿತು ಅಂತ ಸುಳ್ಳು ಹೇಳಿದರೆ ಡಾಕ್ಟರ್ ಎಕ್ಸ್‌ರೇ ನೋಡಿ ಪಟ್ಟಿ ಕಟ್ಟಿ ಕಳಿಸಬಹುದು. ಹಲ್ಲಿನ ಗಾಯ ಅಂತ ಗೊತ್ತಾದರೆ ಒಳಗೆ ತೊಳೆದು, ಆಂಟಿಬಯಾಟಿಕ್ ಶುರು ಮಾಡಿ, ಬೇಕಿದ್ದರೆ ಆಪರೇಷನ್‌ಗೂ ತಯಾರಿ ಮಾಡುತ್ತಾರೆ.